ಮೊದಲು ನೀರು, ಆಮೇಲೆ ಮೀನು



ಮುಂಗಾರು ಹಿಡಿದು ಕೆರೆಕಟ್ಟೆಗಳಿಗೆ ನೀರು ಬಂತೆಂದರೆ ನಮ್ಮ ಕಚೇರಿಗೆ ಬರುವ ಅನೇಕರದು ಒಂದೇ ಪ್ರಶ್ನೆ: “ಸಾರ್, ಯಾವ ಮೀನು ಬಿಟ್ಟರೆ ಲಾಭ? ಎಷ್ಟು ಮರಿ ಬಿಡಲಿ?” ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕೆ ಮೊದಲು ನೀವೇ ಉತ್ತರಿಸಬೇಕಾದ ಬೇರೆ ಪ್ರಶ್ನೆಗಳಿವೆ. ನಿಮ್ಮ ಹೊಂಡದಲ್ಲಿ ನೀರು ಎಷ್ಟು ತಿಂಗಳು ನಿಲ್ಲುತ್ತದೆ? ಬೇಸಿಗೆಯಲ್ಲಿ ಎಷ್ಟು ಆಳ ಉಳಿಯುತ್ತದೆ? ಮೀನಿಗೆ ಹಾಕಲು ನಿಮ್ಮ ಮನೆ, ಕೊಟ್ಟಿಗೆ, ತೋಟಗಳಲ್ಲಿ ಏನಿದೆ? ರಾತ್ರಿಯೆಲ್ಲ ಕರೆಂಟ್ ಇರುತ್ತದೆಯೇ?

ಈ ಪ್ರಶ್ನೆಗಳನ್ನು ಕೇಳದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ನನಗೆ ಪರಿಚಯದ ಯುವಕನೊಬ್ಬ ಸಾಲ ತೆಗೆದು, ಹಿತ್ತಿಲಿನಲ್ಲಿ ಟಾರ್ಪಾಲಿನ ತೊಟ್ಟಿಗಳನ್ನು ಕಟ್ಟಿ, ಬಯೋಫ್ಲಾಕ್ ವಿಧಾನದಲ್ಲಿ ಮೀನು ಬಿಟ್ಟ. ಈ ವಿಧಾನದಲ್ಲಿ ಸ್ವಲ್ಪ ನೀರಿನಲ್ಲಿ ಬಹಳ ಮೀನು ಬೆಳೆಯಬಹುದು ನಿಜ. ಮೀನಿನ ಹಿಕ್ಕೆಯನ್ನು ನೀರಿನ ಸೂಕ್ಷ್ಮಜೀವಿಗಳು ತಿಂದು, ಅವೇ ಮತ್ತೆ ಮೀನಿಗೆ ಆಹಾರವಾಗುತ್ತವೆ. ಆದರೆ ಆ ಜೀವಿಗಳಿಗೂ ಮೀನಿಗೂ ಹಗಲಿರುಳು ಗಾಳಿ ಊದುತ್ತಲೇ ಇರಬೇಕು. ಒಂದು ರಾತ್ರಿ ಮಳೆಗಾಳಿಗೆ ಕರೆಂಟ್ ಹೋಯಿತು. ಬೆಳಗಾಗುವುದರೊಳಗೆ ತೊಟ್ಟಿಯ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಶುರುವಿನಲ್ಲಿ ಆತ ನನ್ನನ್ನು ಕೇಳಿದ್ದ. ಉತ್ಸಾಹಕ್ಕೆ ತಣ್ಣೀರು ಎರಚುವುದೇಕೆಂದು ನಾನು “ನೋಡಪ್ಪಾ, ನಿನ್ನಿಷ್ಟ” ಎಂದು ಸುಮ್ಮನಾಗಿದ್ದೆ. ಜನರೇಟರ್ ಇದೆಯೇ ಎಂದು ಒಂದು ಮಾತು ಕೇಳಿದ್ದರೆ ಆ ಸಾಲ ಉಳಿಯುತ್ತಿತ್ತು. ತಪ್ಪು ವಿಧಾನದ್ದಲ್ಲ, ಆ ವಿಧಾನ ಆ ಮನೆಗೆ ತಕ್ಕದ್ದಾಗಿರಲಿಲ್ಲ.

ಲೋಕದಲ್ಲಿ ಸಿಹಿನೀರಿನ ಮೀನು ಸಾಕಣೆ ಎಲ್ಲೆಲ್ಲಿ ನೆಲೆ ನಿಂತಿದೆಯೋ ಅಲ್ಲೆಲ್ಲ ರೈತರು ತಮ್ಮ ನೀರು, ತಮ್ಮ ಕಸಕಡ್ಡಿ, ತಮ್ಮ ಹವೆ ನೋಡಿಯೇ ವಿಧಾನವನ್ನು ಕಟ್ಟಿಕೊಂಡಿದ್ದಾರೆ. ಒಂದೆರಡು ಉದಾಹರಣೆ ನೋಡೋಣ.

ಚೀನಾ ದೇಶದವರು ಒಂದೇ ಕೊಳದಲ್ಲಿ ಹಲವು ಜಾತಿಯ ಗೆಂಡೆ ಮೀನುಗಳನ್ನು ಒಟ್ಟಿಗೆ ಸಾಕುವುದನ್ನು ಶತಮಾನಗಳ ಹಿಂದೆಯೇ ರೂಢಿಸಿಕೊಂಡರು. ಬೆಳ್ಳಿ ಗೆಂಡೆ ನೀರಿನ ಮೇಲ್ಪದರದ ಹಸಿರು ಪಾಚಿಯನ್ನು ಸೋಸಿ ತಿನ್ನುತ್ತದೆ, ಹುಲ್ಲು ಗೆಂಡೆ ಹುಲ್ಲು ಮೇಯುತ್ತದೆ, ಸಾಮಾನ್ಯ ಗೆಂಡೆ ತಳದ ಕೆಸರು ಕೆದಕುತ್ತದೆ. ಒಂದರ ಹಿಕ್ಕೆ ಇನ್ನೊಂದಕ್ಕೆ ಗೊಬ್ಬರ. ಅಲ್ಲಿನ ರೇಷ್ಮೆ ಸೀಮೆಯವರು ಇದಕ್ಕೆ ಇನ್ನೊಂದು ಕೊಂಡಿ ಹಾಕಿದರು. ಕೊಳದ ಏರಿಯ ಮೇಲೆ ಹಿಪ್ಪುನೇರಳೆ, ಅದರ ಸೊಪ್ಪು ಹುಳುವಿಗೆ, ಹುಳುವಿನ ಹಿಕ್ಕೆ ಮತ್ತು ಗೂಡು ಬಿಚ್ಚಿದ ಮೇಲೆ ಉಳಿಯುವ ಕೋಶ ಮೀನಿಗೆ, ಕೊಳದ ಹೂಳು ಮತ್ತೆ ಹಿಪ್ಪುನೇರಳೆಯ ಬುಡಕ್ಕೆ. ಅಲ್ಲಿನ ಹೂಜೌ ಪ್ರದೇಶದ ಈ ಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2017ರಲ್ಲಿ ಕೃಷಿ ಪರಂಪರೆಯೆಂದು ಮಾನ್ಯ ಮಾಡಿತು. ರಾಮನಗರ, ಕೋಲಾರ, ಚಿಕ್ಕಬಳ್ಳಾಪುರದ ರೇಷ್ಮೆ ಬೆಳೆಗಾರರು ಇದನ್ನು ಗಮನಿಸಬೇಕು. ಒಂದು ಎಚ್ಚರಿಕೆ: ಹುಳು ಮನೆ ತೊಳೆದ ಫಾರ್ಮಲಿನ್, ಬ್ಲೀಚಿಂಗ್ ಪುಡಿಯ ನೀರಾಗಲಿ, ತೋಟಕ್ಕೆ ಸಿಂಪಡಿಸಿದ ಔಷಧಿಯಾಗಲಿ ಹೊಂಡಕ್ಕೆ ಸೇರಕೂಡದು.

ಕೋಲ್ಕತ್ತಾ ನಗರದ ಪೂರ್ವಕ್ಕೆ ಇರುವ ತೇವ ಭೂಮಿಯಲ್ಲಿ ಮೀನುಗಾರರು ನಗರದ ಕೊಳಚೆ ನೀರನ್ನೇ ಗೊಬ್ಬರವಾಗಿ ಬಳಸುತ್ತಾರೆ. 2002ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಜಾಗವಿದು. ಅವರು ನೀರು ಬಂದ ದಿನವೇ ಮರಿ ಬಿಡುವುದಿಲ್ಲ. ಆಳವಿಲ್ಲದ ಕೊಳದಲ್ಲಿ ನೀರನ್ನು ಬಿಸಿಲಿಗೆ ಬಿಟ್ಟು, ಅದು ಮಾಗಿ ಹಸಿರಾದ ಮೇಲೆಯೇ ಮೀನು ಬಿಡುತ್ತಾರೆ. ಕೊಳಚೆ ನೀರನ್ನು ನಾವು ಅನುಕರಿಸಬೇಕಾಗಿಲ್ಲ, ಅವರ ತಾಳ್ಮೆಯನ್ನು ಅನುಕರಿಸಬೇಕು.

ಯೂರೋಪಿನ ಚೆಕ್ ದೇಶದಲ್ಲಿ ತ್ರೆಬೋನ್ ಎಂಬ ಸೀಮೆಯಿದೆ. ಅಲ್ಲಿ 1584ರಿಂದ 1590ರವರೆಗೆ ಕಟ್ಟಿದ ರೋಝಂಬೆರ್ಕ್ ಕೆರೆಯಲ್ಲಿ ಇಂದಿಗೂ ಗೆಂಡೆ ಮೀನು ಬೆಳೆಯುತ್ತಾರೆ. ಚಳಿ ದೇಶವಾದ್ದರಿಂದ ಮೀನು ಮಾರಾಟದ ತೂಕಕ್ಕೆ ಬರಲು ಮೂರು ನಾಲ್ಕು ವರ್ಷ ಹಿಡಿಯುತ್ತದೆ. ಸಣ್ಣ ಮರಿಗೆ ಒಂದು ಕೊಳ, ಬಲಿತ ಮರಿಗೆ ಇನ್ನೊಂದು, ಮಾರುವ ಮೀನಿಗೆ ಮತ್ತೊಂದು ಎಂದು ಅವರು ಬೇರೆ ಬೇರೆ ಇಟ್ಟುಕೊಂಡಿದ್ದಾರೆ. ನಮ್ಮಲ್ಲಿ ಭತ್ತದ ಸಸಿಮಡಿ ಮಾಡದೆ ಯಾರೂ ನಾಟಿ ಮಾಡುವುದಿಲ್ಲ. ಮೀನಿನ ವಿಷಯದಲ್ಲಿ ಮಾತ್ರ ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳನ್ನು ಅಗ್ಗವೆಂದು ತಂದು ನೇರ ಕೆರೆಗೆ ಸುರಿಯುತ್ತೇವೆ. ಅವು ಕೊರವ ಮೀನಿಗೆ, ಕಪ್ಪೆಗೆ, ನೀರು ಹಾವಿಗೆ ಊಟವಾಗುತ್ತವೆ.

ಈಜಿಪ್ಟಿನವರು ಜಿಲೇಬಿ ಮೀನಿನಿಂದ ದೊಡ್ಡ ಉದ್ಯಮವನ್ನೇ ಕಟ್ಟಿದ್ದಾರೆ. ಅದು ಅವರ ನೈಲ್ ನದಿಯದೇ ಮೀನು. ಗಂಡು ಮರಿಗಳನ್ನಷ್ಟೇ ಸಾಕುವ ವಿದ್ಯೆಯೂ ಅವರಿಗೆ ಕರಗತವಾಗಿದೆ. ನಮ್ಮ ದೇಶಕ್ಕೆ 1952ರಲ್ಲಿ ಆಫ್ರಿಕಾ ಮೂಲದ ಜಿಲೇಬಿ ಜಾತಿಯೊಂದನ್ನು ತಂದಾಗ ಅದು ಕೆರೆಗಳಲ್ಲಿ ಮಿತಿಮೀರಿ ಮರಿ ಹಾಕಿ, ಅಂಗೈಯಷ್ಟಕ್ಕೇ ಬೆಳವಣಿಗೆ ನಿಂತು, ಇತರ ಮೀನುಗಳ ಮೇವನ್ನೂ ಕಸಿಯಿತು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗಂತೂ ನಮ್ಮಲ್ಲಿ ನಿಷೇಧವೇ ಇದೆ. ಯಾರೇ ಆಸೆ ತೋರಿಸಿದರೂ ಅದನ್ನು ತರಬೇಡಿ.

ನಮ್ಮ ದೇಶವೂ ಈ ವಿದ್ಯೆಯಲ್ಲಿ ಹಿಂದುಳಿದದ್ದಲ್ಲ. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ಮೊದಲು ಮರಿಗಳನ್ನು ನದಿಯಿಂದಲೇ ಹಿಡಿದು ತರಬೇಕಾಗಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಡಾ. ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ರಸದ ಚುಚ್ಚುಮದ್ದು ಕೊಟ್ಟು ಗೆಂಡೆ ಮೀನು ಮೊಟ್ಟೆಯಿಡುವಂತೆ ಮಾಡಿದರು. ಇಂದು ನಿಮಗೆ ಬೇಕಾದಾಗ ಮರಿ ಸಿಗುವುದು ಆ ಕೆಲಸದ ಫಲ. ಆ ದಿನವನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುತ್ತೇವೆ. 1971ರಲ್ಲಿ ಆರಂಭವಾದ ಅಖಿಲ ಭಾರತ ಸಂಯೋಜಿತ ಯೋಜನೆಯಡಿ ನಮ್ಮ ಮೂರು ಜಾತಿ, ಹೊರಗಿನ ಮೂರು ಜಾತಿ ಸೇರಿಸಿ ಸಾಕುವ ಮಿಶ್ರ ಮೀನು ಸಾಕಣೆಯನ್ನು ದೇಶದ ಹಲವೆಡೆ ಪರೀಕ್ಷಿಸಿ ನೋಡಲಾಯಿತು. ಹೆಕ್ಟೇರಿಗೆ ಕೆಲವು ನೂರು ಕಿಲೋ ಇದ್ದ ಇಳುವರಿ ಟನ್ನುಗಳ ಲೆಕ್ಕಕ್ಕೆ ಏರಿತು.

ಈಗ ನಿಮ್ಮ ಹೊಂಡಕ್ಕೆ ಬರೋಣ. 21 ಮೀಟರ್ ಉದ್ದ, 21 ಮೀಟರ್ ಅಗಲದ ಕೃಷಿ ಹೊಂಡವೆಂದರೆ ಸುಮಾರು ನಾಲ್ಕೂವರೆ ಗುಂಟೆ ನೀರು. ಎಕರೆಗೆ 2,000 ಬಲಿತ ಮರಿಯ ಲೆಕ್ಕದಲ್ಲಿ ಇದಕ್ಕೆ ಬೇಕಾದದ್ದು 220 ಮರಿ ಮಾತ್ರ. ಕಾಟ್ಲಾ 70, ರೋಹು 70, ಮೃಗಾಲ್ ಅಥವಾ ಸಾಮಾನ್ಯ ಗೆಂಡೆ 60, ಹುಲ್ಲು ಗೆಂಡೆ 20 ಇರಲಿ. ಇಷ್ಟೇ ಹೊಂಡಕ್ಕೆ ಸಾವಿರಾರು ಮರಿ ಸುರಿದವರಿದ್ದಾರೆ. ಒತ್ತಾಗಿ ಚೆಲ್ಲಿದ ರಾಗಿ ಪೈರಿನಂತೆ ಅವು ಬಡಕಲಾಗಿಯೇ ಉಳಿದವು.

ಮರಿ ಕನಿಷ್ಠ ಬೆರಳುದ್ದ ಇರಲಿ. ನೀರು ಐದಾರು ತಿಂಗಳಷ್ಟೇ ನಿಲ್ಲುವುದಾದರೆ ಇನ್ನೂ ದೊಡ್ಡ ಮರಿ ತನ್ನಿ, ಸಾಮಾನ್ಯ ಗೆಂಡೆಯ ಪಾಲು ಹೆಚ್ಚಿಸಿ. ಹಂಗೇರಿಯಿಂದ ತರಿಸಿ ಹೆಸರಘಟ್ಟದಲ್ಲಿ ಅಭಿವೃದ್ಧಿಪಡಿಸಿದ ಅಮೂರ್ ತಳಿ ಬೇಗ ಬೆಳೆಯುವುದರಿಂದ ಇಂಥ ಹೊಂಡಕ್ಕೆ ಅನುಕೂಲ.

ಮರಿ ತರುವುದಕ್ಕೆ ಎರಡು ಮೂರು ವಾರ ಮೊದಲೇ ಹೊಂಡ ಸಿದ್ಧಪಡಿಸಿ. ಕಳೆ, ಬೇಡದ ಮೀನು ತೆಗೆಯಿರಿ. ಎಕರೆಗೆ ಸುಮಾರು 100 ಕಿಲೋ ಸುಣ್ಣ, ಅದಾಗಿ ಒಂದು ವಾರಕ್ಕೆ ಎರಡು ಟನ್ ಸಗಣಿ ಗೊಬ್ಬರದ ಲೆಕ್ಕ ಹಿಡಿಯಿರಿ. ಮೇಲಿನ ಹೊಂಡಕ್ಕೆ ಇದು 11 ಕಿಲೋ ಸುಣ್ಣ, 220 ಕಿಲೋ ಗೊಬ್ಬರವಾಗುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡವಾದರೆ ತಳಕ್ಕೆ ಕಲ್ಲಿಲ್ಲದ ಮಣ್ಣನ್ನು ತೆಳ್ಳಗೆ ಹರಡಿ. ನೀರು ತಿಳಿ ಹಸಿರಾದಾಗ ಮೊಣಕೈವರೆಗೆ ಕೈ ಮುಳುಗಿಸಿ ನೋಡಿ. ಮೊಣಕೈ ಮುಳುಗುವ ಮೊದಲೇ ಅಂಗೈ ಮರೆಯಾದರೆ ಹಸಿರು ಹೆಚ್ಚಾಗಿದೆ, ಗೊಬ್ಬರ ನಿಲ್ಲಿಸಿ. ಮೊಣಕೈ ಮುಳುಗಿದ ಮೇಲೂ ಅಂಗೈ ನಿಚ್ಚಳವಾಗಿ ಕಂಡರೆ ಇನ್ನಷ್ಟು ಗೊಬ್ಬರ ಬೇಕು. ಮರಿಯ ಚೀಲವನ್ನು ಕಾಲು ಗಂಟೆ ನೀರಿನ ಮೇಲೆ ತೇಲಬಿಟ್ಟು, ತಂಪು ಹೊತ್ತಿನಲ್ಲಿ ಮರಿಗಳನ್ನು ತಾವಾಗಿಯೇ ಈಜಿ ಹೋಗಲು ಬಿಡಿ.

ಆಹಾರಕ್ಕೆ ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಸಮಪಾಲು ಸಾಕು. ಮೀನಿನ ಒಟ್ಟು ತೂಕದ ನೂರಕ್ಕೆ ಮೂರು ಪಾಲು ದಿನಕ್ಕೆ ಕೊಡಿ. 220 ಮೀನು ತಲಾ 100 ಗ್ರಾಂ ತೂಗಿದರೆ ಒಟ್ಟು 22 ಕಿಲೋ. ದಿನಕ್ಕೆ 660 ಗ್ರಾಂ ಆಹಾರ. ತಿಂಗಳಿಗೊಮ್ಮೆ ಕೆಲವು ಮೀನು ಹಿಡಿದು ತೂಗಿ, ಲೆಕ್ಕ ತಿದ್ದಿಕೊಳ್ಳಿ. ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಅದು ಹಸಿವಲ್ಲ, ಉಸಿರಿನ ಕಷ್ಟ. ಹಗಲು ಪಾಚಿ ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಅದನ್ನು ಬಳಸುತ್ತದೆ. ಆಗ ಆಹಾರ, ಗೊಬ್ಬರ ನಿಲ್ಲಿಸಿ ಹೊಸ ನೀರನ್ನು ಎತ್ತರದಿಂದ ಬೀಳುವಂತೆ ಬಿಡಿ.

ಮೀನಿಗಿಂತ ಮುಖ್ಯವಾದ ಮಾತು ಇನ್ನೊಂದಿದೆ. ಹಾಳೆ ಹಾಸಿದ ಹೊಂಡದ ಅಂಚು ಜಾರುತ್ತದೆ. ಬಿದ್ದವರು ಹತ್ತಿ ಬರಲಾರರು. ಸುತ್ತ ಬೇಲಿ ಹಾಕಿ, ನಾಲ್ಕೂ ಬದಿ ಗಂಟು ಹಾಕಿದ ಹಗ್ಗ ಇಳಿಬಿಡಿ. ಮಕ್ಕಳಿರುವ ಊರಿನಲ್ಲಿ ಇದನ್ನು ನಾಳೆಗೆ ಮುಂದೂಡಬೇಡಿ.

ಮೀನುಗಾರಿಕೆ ಇಲಾಖೆಯವರನ್ನು ಕಾಣಲು ಹೋಗುವ ಮುನ್ನ ನಿಮ್ಮ ಹೊಂಡದ ಅಳತೆ, ನೀರು ನಿಲ್ಲುವ ತಿಂಗಳು, ಮನೆಯಲ್ಲಿ ಸಿಗುವ ಮೇವು, ಕರೆಂಟಿನ ಸ್ಥಿತಿ ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆ ಚೀಟಿ ಓದದೆ ದೊಡ್ಡ ಲಾಭದ ಮಾತಾಡುವವರು ಯಾರೇ ಆಗಿರಲಿ, ನಮ್ಮಂಥ ಅಧಿಕಾರಿಗಳೇ ಆಗಿರಲಿ, ಅವರನ್ನು ನಂಬಿ ಸಾಲ ಮಾಡಬೇಡಿ.