ಇದ್ದತ್ತಿನ ಆಚೆಗೂ ಹಕ್ಕಿದೆ

ಸಿಂಧನೂರು, ಲಿಂಗಸುಗೂರು ಕೋರ್ಟುಗಳಲ್ಲಿ ಜೀವನಾಂಶದ ಕೇಸು ನಡೆಸುವ ವಕೀಲೆ ನಾನು. ಮಸ್ಕಿ ಕಡೆಯಿಂದ ಬರುವ ತಲಾಖ್ ಆದ ಹೆಣ್ಣುಮಕ್ಕಳು ಮೊದಲು ಕೇಳುವುದು ಇದನ್ನೇ: ‘ಅಕ್ಕಾರ, ಇದ್ದತ್ ಮುಗಿದ್ಮ್ಯಾಲ ನಮಗ ಏನೂ ಬರಂಗಿಲ್ಲಂತಲ್ರೀ?’

ಬರುತ್ತದೆ, ಇದ್ದತ್ತಿನ, ಅಂದರೆ ತಲಾಖಿನ ನಂತರ ಮರುಮದುವೆಗೆ ಮುನ್ನ ಕಾಯುವ ಅವಧಿಯ, ಆಚೆಗೂ. 1985ರ ಶಾ ಬಾನೊ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಇದ್ದತ್ತಿನ ಆಚೆಗಿನ ಜೀವನಾಂಶದ ಹಕ್ಕನ್ನು 1986ರ ಮುಸ್ಲಿಂ ಮಹಿಳೆಯರ ಕಾಯ್ದೆ ಕಸಿದುಕೊಂಡಿತೆಂದೇ ಊರಲ್ಲಿ ಇನ್ನೂ ನಂಬಿಕೆ. 2001ರಲ್ಲಿ ಡ್ಯಾನಿಯಲ್ ಲತೀಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ಉಳಿಸಿಕೊಂಡೇ, ತಲಾಖ್ ಆದ ಹೆಂಡತಿಯ ಮುಂದಿನ ಬದುಕಿಗೂ ಆಗುವಷ್ಟನ್ನು ಗಂಡ ಇದ್ದತ್ತಿನೊಳಗೆ ಕೊಡಬೇಕೆಂದಿತು. 2024ರ ಜುಲೈ 10ರಂದು, ಎಲ್ಲ ಧರ್ಮದ ಹೆಂಡಂದಿರಿಗೂ ಇರುವ ದಂಡ ಪ್ರಕ್ರಿಯಾ ಸಂಹಿತೆಯ ಜೀವನಾಂಶದ 125ನೇ ಕಲಂ ತಲಾಖ್ ಆದ ಮುಸ್ಲಿಂ ಹೆಣ್ಣುಮಕ್ಕಳಿಗೂ ತೆರೆದಿದೆ ಎಂದು ಸ್ಪಷ್ಟಪಡಿಸಿತು. ಈಗ ಅದು ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ.

ಈ ದಾರಿ ನನಗೆ ಮನಸಾರೆ ಒಪ್ಪಿಗೆ. ನಿಕಾಹ್, ಮೆಹರ್ 1937ರ ಶರೀಅತ್ ಕಾಯ್ದೆಯಂತೆ ನಡೆಯಲಿ. ಹಸಿವಿಗೆ ಎಲ್ಲರಿಗೂ ಒಂದೇ ಕಾನೂನು ಇರಲಿ. ಮುದಗಲ್ಲಿನ ಮೊಹರಂನಲ್ಲಿ ಎಲ್ಲ ಜಾತಿಯವರೂ ಅಲಾಯಿ ದೇವರಿಗೆ ಕೈಮುಗಿಯುವ ಸೀಮೆ ನಮ್ಮದು, ಇಂಥ ಹೊಂದಾಣಿಕೆ ಇಲ್ಲಿ ಹೊಸದಲ್ಲ.

ಆದರೆ ತೀರ್ಪಿನ ಸುದ್ದಿ ಹಳ್ಳಿಗಳಿಗೆ ಮುಟ್ಟಿಲ್ಲ. ಶುಕ್ರವಾರದ ನಮಾಜಿನ ನಂತರ ಮಸೀದಿ ಕಮಿಟಿಯವರು ಇದನ್ನು ಹೇಳಲಿ. ಆದಾಯ ಎಷ್ಟೇ ಇದ್ದರೂ ಹೆಣ್ಣುಮಕ್ಕಳಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಉಚಿತವಾಗಿ ವಕೀಲರನ್ನು ಕೊಡುತ್ತದೆ ಎಂಬುದನ್ನೂ ಹೇಳಲಿ.