ಮಾರ್ಜಾಲಕ್ಕೆ ಹಾಲನ್ನ ಹಿತವೇ?

ತೆನಾಲಿ ರಾಮಕೃಷ್ಣನ ಬೆಕ್ಕು ಹಾಲನ್ನು ಕಂಡೊಡನೆ ಓಟ ಕಿತ್ತ ಕಥೆಯನ್ನು ಅರಿಯದ ಕನ್ನಡಿಗರು ವಿರಳ. ಕಾದ ಹಾಲಿನಿಂದ ನಾಲಗೆ ಸುಟ್ಟುಕೊಂಡಿದ್ದ ಆ ಬಡಪ್ರಾಣಿಯ ನಿರ್ಧಾರವನ್ನು ಇಂದಿನ ಪಶುವೈದ್ಯರು ಬೇರೊಂದು ಕಾರಣಕ್ಕಾಗಿ ಒಪ್ಪಿಯಾರು. ಬೆಳೆದ ಬಹುಪಾಲು ಬೆಕ್ಕುಗಳಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಜೀರ್ಣಿಸಿಕೊಳ್ಳುವ ಶಕ್ತಿ ಕುಂದಿರುತ್ತದೆ. ಹಾಲು ಹೆಚ್ಚಾದರೆ ಭೇದಿ; ಭೇದಿಯಾದರೆ ಮನೆಯೊಳಗೆ ದುರ್ಗಂಧ; ದುರ್ಗಂಧವೆದ್ದರೆ ಬೆಕ್ಕು ಬೀದಿಪಾಲು.

ಊರಿನ ಮನೆಗಳಲ್ಲಿ ತಲೆಮಾರುಗಳಿಂದ ಹಾಲನ್ನ ತಿಂದೇ ಬೆಕ್ಕುಗಳು ಬಾಳಲಿಲ್ಲವೇ ಎಂದು ಹಿರಿಯರು ಕೇಳುವುದುಂಟು. ಬಾಳಿದ್ದು ನಿಜ, ಹಾಲನ್ನದ ಬಲದಿಂದಲ್ಲ. ಅಟ್ಟದ ಇಲಿ, ಅಂಗಳದ ಓತಿ, ಹಟ್ಟಿಯ ಹೆಗ್ಗಣದ ಮರಿ ಇವೇ ಅದರ ನಿಜವಾದ ಊಟ. ಗೃಹಿಣಿ ಬಡಿಸಿದ ತುತ್ತು ಕೇವಲ ಮೇಲುಸಂಪಾದನೆ. ಮುಲುಂಡ, ಡೊಂಬಿವಲಿಗಳ ನಾಲ್ಕನೆಯ ಮಹಡಿಯ ಬೆಕ್ಕಿಗೆ ಆ ಅಸಲು ಆದಾಯವೇ ಇಲ್ಲ. ಬೆಕ್ಕು ಹುಟ್ಟಾ ಮಾಂಸಾಹಾರಿ. ಮಾಂಸ, ಮೀನುಗಳಲ್ಲಿ ದೊರೆಯುವ ಟಾರಿನ್ ಎಂಬ ಸತ್ವದ ಕೊರತೆಯಿಂದ ಅದರ ದೃಷ್ಟಿ ಕೆಡುವುದೆಂದು 1975ರಲ್ಲಿಯೂ, ಹೃದಯ ದುರ್ಬಲವಾಗುವುದೆಂದು 1987ರಲ್ಲಿಯೂ ವಿಜ್ಞಾನಿಗಳು ತೋರಿಸಿಕೊಟ್ಟರು. ಶಾಕಾಹಾರಿ ಕುಟುಂಬಗಳಿಗೆ ಇದು ಧರ್ಮಸಂಕಟವೇ ಸರಿ. ಅಂಥವರು ಬೆಕ್ಕಿಗೆಂದೇ ತಯಾರಾದ ಸಿದ್ಧ ಆಹಾರವನ್ನು ತರಬಹುದು. ಅದೂ ಒಗ್ಗದಿದ್ದರೆ ಬೆಕ್ಕನ್ನು ಸಾಕದಿರುವುದೇ ಪ್ರಾಮಾಣಿಕ ಮಾರ್ಗ.

ಮೈ ನೆಕ್ಕುವಾಗ ನುಂಗಿದ ಕೂದಲನ್ನು ಬೆಕ್ಕು ಅಪರೂಪಕ್ಕೊಮ್ಮೆ ಕಾರಿದರೆ ಗಾಬರಿ ಬೇಡ. ಪದೇ ಪದೇ ವಾಂತಿಯಾದರೆ, ಇಡೀ ದಿನ ಅನ್ನ ಮುಟ್ಟದಿದ್ದರೆ ತಡಮಾಡಲಾಗದು. ಇವೆಲ್ಲಕ್ಕಿಂತ ಘೋರವಾದ ತಪ್ಪು ಬೇರೊಂದಿದೆ. ಗಂಡುಬೆಕ್ಕು ಮರಳಿನ ತಟ್ಟೆಯಲ್ಲಿ ಕುಳಿತು ತಿಣುಕುವುದನ್ನು ಕಂಡು ಮಲಬದ್ಧತೆಯೆಂದು ಭಾವಿಸಿ ಹರಳೆಣ್ಣೆ ಕುಡಿಸುವವರಿದ್ದಾರೆ. ಅನೇಕ ವೇಳೆ ಕಟ್ಟಿರುವುದು ಮಲವಲ್ಲ, ಮೂತ್ರ. ಎರಡು ಮೂರು ದಿನಗಳಲ್ಲಿ ಪ್ರಾಣವೇ ಹೋದೀತು. ಮನುಷ್ಯರ ಪ್ಯಾರಸಿಟಮಾಲ್ ಗುಳಿಗೆಯಂತೂ ಬೆಕ್ಕಿಗೆ ವಿಷವೇ.

ಸೊಸೆ ಗರ್ಭಿಣಿಯಾದಳೆಂದು ಬೆಕ್ಕನ್ನು ಚೀಲದಲ್ಲಿ ಕಟ್ಟಿ ಮೀನಿನ ಮಾರುಕಟ್ಟೆಯ ಬಳಿ ಬಿಟ್ಟುಬರುವ ಪರಿಪಾಠವನ್ನು ಯಾವ ರೀತಿಯಲ್ಲೂ ಸಮರ್ಥಿಸಲಾಗದು. ಟಾಕ್ಸೊಪ್ಲಾಸ್ಮಾ ರೋಗಾಣುವಿನ ಭಯ ನಿರಾಧಾರವಲ್ಲ. ಆದರೆ ಬೆಕ್ಕು ಸಾಮಾನ್ಯವಾಗಿ ಮೊದಲ ಸೋಂಕಿನ ನಂತರ ಕೆಲವೇ ವಾರ ಅದನ್ನು ಮಲದಲ್ಲಿ ವಿಸರ್ಜಿಸುತ್ತದೆ. ವಿಸರ್ಜಿತ ರೋಗಾಣು ಸೋಂಕು ತಗಲಿಸುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ನಿತ್ಯವೂ ತಟ್ಟೆಯನ್ನು ಶುಚಿಗೊಳಿಸಿದರೆ, ಆ ಕೆಲಸವನ್ನು ಗರ್ಭಿಣಿಗೆ ಬಿಡದೆ ಪತಿರಾಯನೇ ಮಾಡಿದರೆ, ಅಪಾಯ ಬಹುಮಟ್ಟಿಗೆ ತಪ್ಪುತ್ತದೆ. ಸರಿಯಾಗಿ ಬೇಯಿಸದ ಮಾಂಸ, ತೊಳೆಯದ ತರಕಾರಿಗಳಿಂದಲೂ ಈ ರೋಗ ಬರುವುದನ್ನು ಮರೆತು ಮೂಕಪ್ರಾಣಿಯೊಂದನ್ನೇ ದೂಷಿಸುವುದು ಸುಲಭ.

ಮರಿಗಳಿಗೆ ಜಂತುಹುಳು ತಾಯಿಯ ಹಾಲಿನಿಂದಲೇ ಬರುವುದುಂಟು, ಚಿಗಟಗಳಿಂದ ಲಾಡಿಹುಳು. ಔಷಧ ಯಾವುದು, ಎಷ್ಟು ಎಂಬುದನ್ನು ತೂಕ ನೋಡಿ ವೈದ್ಯರೇ ಹೇಳಬೇಕು. ಪರೇಲಿನಲ್ಲಿ 1886ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜೂ, ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆಯೂ ಇವೆ. ಹೋಗುವಾಗ ಬೆಕ್ಕಿನ ಮಲವನ್ನೂ ಸ್ವಲ್ಪ ಒಯ್ದರೆ ಪರೀಕ್ಷೆ ಸುಲಭವಾಗುತ್ತದೆ. ಲೋಕಲ್ ಗಾಡಿಯ ಸಹಪ್ರಯಾಣಿಕರ ಹಿತದೃಷ್ಟಿಯಿಂದ ಡಬ್ಬಿಯ ಮುಚ್ಚಳ ಭದ್ರವಾಗಿರಲಿ.