ದೇವರು ಕಣ್ಣು ತೆರೆದದ್ದು ಯಾರಿಗೆ?

ಕಲಬುರಗಿಯ ನೆಹರೂ ಗಂಜಿನಲ್ಲಿ ತೊಗರಿಗೆ ಒಳ್ಳೆಯ ದರ ಸಿಕ್ಕ ದಿನ ಅಡತಿ ಅಂಗಡಿಯ ಕಟ್ಟೆಯ ಮೇಲೆ ಒಂದು ಮಾತು ಕೇಳಿಬರುತ್ತದೆ: 'ಈ ಸಲ ದೇವ್ರು ಕಣ್ಣ ತೆರದಾನ್ರಿ.' ಮಳೆ ನಂಬಿ ಬದುಕುವ ನೆಲದಲ್ಲಿ ಈ ವಿನಯ ಸಹಜ, ಬೇಕಾದದ್ದೂ ಹೌದು. ಆದರೆ ದರ ಏರಿದ್ದೇಕೆ ಎಂದು ಕೇಳುತ್ತ ಹೋದರೆ, ಎಷ್ಟೋ ಸಲ ಇನ್ನೆಲ್ಲೋ ಬೆಳೆ ಒಣಗಿ ಹೋಗಿರುತ್ತದೆ. 2015ರಲ್ಲಿ ಬರದಿಂದಾಗಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ದಾಟಿತು. ದಾಸ್ತಾನು ಇದ್ದವರಿಗೆ ಅದು ದೈವಕೃಪೆ. ಹೊಲ ಒಣಗಿದವರ ಬಳಿ ಮಾರಲು ಕಾಳೇ ಇರಲಿಲ್ಲ. ಮರುವರ್ಷ ಬೆಳೆ ಹುಲುಸಾಗಿ ಬಂತು. ಆಗ ದರ ಕುಸಿದು, ಬೋನಸ್ ಸೇರಿ ಕ್ವಿಂಟಲಿಗೆ 5,050 ರೂಪಾಯಿ ಇದ್ದ ಬೆಂಬಲ ಬೆಲೆಗಿಂತಲೂ ಕೆಳಗಿಳಿಯಿತು.

ಅನಿರೀಕ್ಷಿತ ಭಾಗ್ಯಕ್ಕೆ ಇಂಗ್ಲಿಷರು 'ಗಾಡ್‌ಸೆಂಡ್' ಅನ್ನುತ್ತಾರೆ, ದೇವರು ಕಳಿಸಿದ್ದು ಎಂದು. ಸ್ಕಾಟ್ಲೆಂಡಿನ ಉತ್ತರದ ದ್ವೀಪಗಳಲ್ಲಿ ಹಿಂದೆ ದಡಕ್ಕೆ ಬಡಿದು ಒಡೆದ ಹಡಗಿಗೂ ಅದೇ ಹೆಸರಿತ್ತು. ವಾಲ್ಟರ್ ಸ್ಕಾಟ್‌ನ 'ದಿ ಪೈರೇಟ್' ಕಾದಂಬರಿಯಲ್ಲಿ ಆ ದ್ವೀಪಗಳ ಜನರ ಚಿತ್ರವಿದೆ. ತೇಲಿಬಂದ ಮರ, ಬಟ್ಟೆ, ಪೀಪಾಯಿಗಳಿಂದ ಬಡವರ ಮನೆ ತುಂಬುತ್ತಿತ್ತು. ಹಡಗಿನವರು ನೀರುಪಾಲಾಗಿರುತ್ತಿದ್ದರು. ಕಮಲಾಪುರದ ಕೆಂಪು ಬಾಳೆಯ ತೋಟಗಳಲ್ಲೂ ಹೀಗಾಗಬಹುದು: ವರ್ಷಕ್ಕೂ ಮಿಕ್ಕಿ ಕಾದ ಗೊನೆಗಳು ಒಂದೇ ಬಿರುಗಾಳಿಗೆ ನೆಲಕಚ್ಚಿದರೆ, ಉಳಿದ ತೋಟದ ಹಣ್ಣಿಗೆ ಬೆಲೆ ಏರುತ್ತದೆ.

ಹಾಗಾದರೆ ಬಂದ ಭಾಗ್ಯಕ್ಕೆ ದೇವರ ಹೆಸರಿಡುವುದೇ ತಪ್ಪೇ? ಅಲ್ಲ. ಹೆಸರಿಟ್ಟವರ ಮೇಲೆ ಋಣವೂ ಬೀಳುತ್ತದೆ ಎಂಬುದು ನನ್ನ ವಾದ. ಕಲಬುರಗಿ ಜಿಲ್ಲೆಯ ಅರಳಗುಂಡಗಿಯಲ್ಲಿ ಒಕ್ಕಲುತನ ಮಾಡಿದ ಶರಣಬಸವೇಶ್ವರರು ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ ಕುಡಿಯಲು ನೀರಿಟ್ಟರಂತೆ. ಆದರೂ ರಾಶಿ ಕಡಿಮೆಯಾಗಲಿಲ್ಲವಂತೆ. ನಾವು ರಾಶಿಯ ಪವಾಡವನ್ನಷ್ಟೇ ನೆನೆಯುತ್ತೇವೆ. ನನಗೆ ದೊಡ್ಡದಾಗಿ ಕಾಣುವುದು ಆ ನೀರು. ಎಷ್ಟು ಬೆಳೆದೀತೆಂದು ತಿಳಿಯುವ ಮೊದಲೇ ಅವರು ಹಂಚಿದ್ದರು. ದಾಸೋಹ ಅಂದರೆ ಅದೇ; ಮಿಕ್ಕಿದ್ದನ್ನು ಕೊಡುವುದಲ್ಲ.

ದರ ಬಂದ ವರ್ಷ ಗುಡಿಗೆ ಕಾಯಿ ಒಡೆಸುವವರು, ನೆಟೆ ರೋಗಕ್ಕೆ ತೊಗರಿ ಕಳೆದುಕೊಂಡ ಓಣಿಯ ಮನೆಗೆ ಬಿತ್ತನೆ ಬೀಜವನ್ನೂ ಮುಟ್ಟಿಸಲಿ. ಸರ್ಕಾರವೂ ಮಳೆಯತ್ತ ಕೈ ತೋರಿಸಿ ಸುಮ್ಮನಿರುವಂತಿಲ್ಲ. ತೊಗರಿ ಖರೀದಿ ಕೇಂದ್ರಗಳು ರಾಶಿ ಶುರುವಾಗುವ ಮೊದಲೇ ತೆರೆಯಬೇಕು.